ವೃದ್ಧರ ಆಶ್ರಯಗೃಹದ ಆಡಳಿತ: ಕ್ಯಾಲಿಫೋರ್ನಿಯದ ಒಂದು ಪಾಠಕ್ರಮ

ಪ್ರಸಾದನಿಲಯದಲ್ಲಿ ಐನೂರು ಮಕ್ಕಳಿಗೆ ಅಡಿಗೆ ಮಾಡುವವನಿಗೆ ಭಕ್ತಿ ಇರಬೇಕಾದುದು ಸರಿಯೇ. ಆದರೆ ಅಕ್ಕಿಯ ಅಳತೆಯೂ ಒಲೆಯ ಹದವೂ ಅವನಿಗೆ ತಿಳಿಯದಿದ್ದರೆ ಪಂಕ್ತಿಯಲ್ಲಿ ಕುಳಿತವರಿಗೆ ಬೇಯದ ಅನ್ನವೇ ಗತಿ. ದಾಸೋಹದ ವಿಷಯದಲ್ಲಿ ಎಲ್ಲರೂ ಒಪ್ಪುವ ಈ ಮಾತನ್ನು ವೃದ್ಧಾಶ್ರಮದ ವಿಷಯದಲ್ಲಿ ಮಾತ್ರ ಅನೇಕರು ಮರೆಯುತ್ತಾರೆ. ನಿವೇಶನಕ್ಕೆ ಒಬ್ಬ ದಾನಿ, ಕಟ್ಟಡಕ್ಕೆ ಇನ್ನೊಬ್ಬ ದಾನಿ ದೊರೆತು, ನಡೆಸುವವನ ಎದೆಯಲ್ಲಿ ಕನಿಕರವಿದ್ದರೆ ಮಿಕ್ಕುದೆಲ್ಲ ತಾನಾಗಿ ನಡೆದೀತೆಂಬ ನಂಬಿಕೆ ಸಾಮಾನ್ಯವಾಗಿದೆ. ಮುದುಕರ ಮನೆಯನ್ನು ನಡೆಸುವುದೂ ಒಂದು ವಿದ್ಯೆ, ಅದನ್ನು ಕಲಿಯದೆ ಕೈಹಾಕುವುದು ಅಪಾಯಕರ ಎಂಬುದನ್ನು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು ಕಹಿ ಅನುಭವದಿಂದ ಅರಿತ ಬಗೆ ವಿಚಾರಾರ್ಹವಾಗಿದೆ.

ಆ ದೇಶದಲ್ಲಿ 'ಅಸಿಸ್ಟೆಡ್ ಲಿವಿಂಗ್' ಎಂದು ಹೆಸರಾದ ಆಶ್ರಯಗೃಹಗಳು ಆಸ್ಪತ್ರೆಗಳಲ್ಲ. ಸ್ವಂತ ಮನೆಗಳೂ ಅಲ್ಲ. ಸ್ನಾನ ಮಾಡಲು, ಉಡುಪು ತೊಡಲು, ಹೊತ್ತಿಗೆ ಸರಿಯಾಗಿ ಔಷಧ ಸೇವಿಸಲು ಇನ್ನೊಬ್ಬರ ಕೈಯಾಸರೆ ಬೇಕಾದ, ಆದರೆ ಸದಾಕಾಲ ದಾದಿಯರ ಶುಶ್ರೂಷೆ ಬೇಡವಾದ ವೃದ್ಧರು ಅಲ್ಲಿ ವಾಸಿಸುತ್ತಾರೆ. ಪೂರ್ಣ ಶುಶ್ರೂಷೆಯ ನರ್ಸಿಂಗ್ ಹೋಮುಗಳಿಗೆ ಅಲ್ಲಿನ ಕೇಂದ್ರ ಸರ್ಕಾರದ ಕಟ್ಟಳೆಗಳಿವೆ. ಈ ಆಶ್ರಯಗೃಹಗಳಿಗೆ ಪರವಾನಗಿ ಕೊಡುವ ಹೊಣೆ ಆಯಾ ರಾಜ್ಯಗಳದು. ಕ್ಯಾಲಿಫೋರ್ನಿಯದಲ್ಲಿ ಅದು ಆರೋಗ್ಯ ಇಲಾಖೆಗೆ ಸೇರದೆ ಸಮಾಜಸೇವಾ ಇಲಾಖೆಗೆ ಸೇರಿದೆ. ಇವನ್ನು ಆಸ್ಪತ್ರೆಯೆಂದು ಎಣಿಸದೆ ವಾಸದ ಮನೆಯೆಂದು ಎಣಿಸಿರುವುದೇ ಇದಕ್ಕೆ ಕಾರಣ. ಆರೇ ಮಂದಿ ವಾಸಿಸುವ ಸಣ್ಣ ಮನೆಯೂ ನೂರಾರು ಮಂದಿ ಇರುವ ದೊಡ್ಡ ಕಟ್ಟಡವೂ ಒಂದೇ ಬಗೆಯ ಪರವಾನಗಿಯ ಅಡಿಯಲ್ಲಿ ನಡೆಯುತ್ತವೆ.

2013ರ ಅಕ್ಟೋಬರಿನಲ್ಲಿ ಆ ರಾಜ್ಯದ ಕ್ಯಾಸ್ಟ್ರೋ ವ್ಯಾಲಿ ಎಂಬ ಊರಿನ ಆಶ್ರಯಗೃಹವೊಂದನ್ನು ಮುಚ್ಚುವಂತೆ ಸರ್ಕಾರ ಆಜ್ಞೆ ಮಾಡಿತು. ಸಂಬಳ ನಿಂತುಹೋದುದರಿಂದ ನೌಕರರು ಒಬ್ಬೊಬ್ಬರಾಗಿ ಹೊರಟುಹೋದರು. ಒಳಗೆ ಹನ್ನೆರಡಕ್ಕೂ ಹೆಚ್ಚು ಮಂದಿ ವೃದ್ಧರು ಉಳಿದಿದ್ದರು. ಅವರಲ್ಲಿ ಮರೆವಿನ ರೋಗ ತಗುಲಿದವರೂ ಇದ್ದರು. ಬಿಟ್ಟುಹೋಗಲು ಮನಸ್ಸು ಬಾರದೆ ನಿಂತವರು ಇಬ್ಬರೇ: ಒಬ್ಬ ಅಡಿಗೆಯವನು, ಇನ್ನೊಬ್ಬ ಕಸ ಗುಡಿಸುವವನು. ಕೆಲವು ದಿನಗಳ ಕಾಲ ಅವರಿಬ್ಬರೇ ಹಗಲಿರುಳು ಆ ವೃದ್ಧರಿಗೆ ಉಣಿಸಿ, ತೊಳೆದು, ಔಷಧ ಕೊಟ್ಟು ಕಾಪಾಡಿದರು. ಕೊನೆಗೆ ಅಧಿಕಾರಿಗಳು ಬಂದು ಎಲ್ಲರನ್ನೂ ಬೇರೆಡೆಗೆ ಸಾಗಿಸಿದರು. ಆ ಇಬ್ಬರ ಅಂತಃಕರಣವನ್ನು ಲೋಕ ಕೊಂಡಾಡಿತು. ಆದರೆ ಯಾವ ಔಷಧ ಯಾರಿಗೆ, ಎಷ್ಟು ಪ್ರಮಾಣದಲ್ಲಿ ಎಂಬುದನ್ನು ಬಲ್ಲವರೊಬ್ಬರೂ ಇಲ್ಲದ ಮನೆಯಲ್ಲಿ ಆ ದಿನಗಳು ಅನಾಹುತವಿಲ್ಲದೆ ಕಳೆದುದು ಪುಣ್ಯವೆಂದೇ ಹೇಳಬೇಕು.

ಈ ಪ್ರಕರಣವು ಶಾಸನಸಭೆಯನ್ನು ಕಲಕಿತು. 2014ರಲ್ಲಿ ಹಲವು ಸುಧಾರಣಾ ಶಾಸನಗಳು ಅಂಗೀಕೃತವಾದವು. ಅದುವರೆಗೆ ಆಡಳಿತಗಾರನಾಗಬಯಸುವವನು 40 ಗಂಟೆಗಳ ಶಿಕ್ಷಣ ಪಡೆದರೆ ಸಾಕಾಗಿತ್ತು. 2016ರ ಜನವರಿ 1ರಿಂದ ಅದು 80 ಗಂಟೆಗಳಿಗೆ ಏರಿತು. ಅದರಲ್ಲಿ 60 ಗಂಟೆಗಳು ಗುರುವಿನ ಎದುರು ಕುಳಿತೇ ಕಲಿಯಬೇಕೆಂದು ಆಗ ವಿಧಿಸಲಾಗಿತ್ತು. ಗುರುಮುಖದಿಂದ ಕಲಿತದ್ದಕ್ಕೆ ಇರುವ ಬೆಲೆ ಆ ದೇಶದವರಿಗೂ ತಿಳಿದಿದೆಯೆಂದಾಯಿತು. ಶಿಕ್ಷಣ ಮುಗಿದ ಬಳಿಕ ನೂರು ಪ್ರಶ್ನೆಗಳ ಪರೀಕ್ಷೆ. ಶೇಕಡಾ 70 ಅಂಕಗಳು ಬಂದರೆ ತೇರ್ಗಡೆ. ಅಭ್ಯರ್ಥಿಗೆ 21 ವರ್ಷ ತುಂಬಿರಬೇಕು, ಪ್ರೌಢಶಾಲೆಯ ವ್ಯಾಸಂಗ ಮುಗಿದಿರಬೇಕು. ಹದಿನಾರು ಮತ್ತು ಅದಕ್ಕೂ ಹೆಚ್ಚು ವೃದ್ಧರಿರುವ ಮನೆಗೆ ಕೊಂಚ ಕಾಲೇಜು ಶಿಕ್ಷಣವೂ ಒಂದು ವರ್ಷದ ಅನುಭವವೂ ಬೇಕು. ಐವತ್ತು ಮತ್ತು ಅದಕ್ಕೂ ಹೆಚ್ಚು ಮಂದಿಗಾದರೆ ಎರಡು ವರ್ಷಗಳ ಕಾಲೇಜು ವ್ಯಾಸಂಗ, ಮೂರು ವರ್ಷಗಳ ಅನುಭವ. ಪಡೆದ ಪ್ರಮಾಣಪತ್ರವೂ ಶಾಶ್ವತವಲ್ಲ. ಎರಡು ವರ್ಷಗಳಿಗೊಮ್ಮೆ 40 ಗಂಟೆಗಳ ಮುಂದುವರಿದ ಶಿಕ್ಷಣವನ್ನು ಪಡೆದು ಅದನ್ನು ನವೀಕರಿಸಿಕೊಳ್ಳಬೇಕು. ಅದರಲ್ಲಿ 8 ಗಂಟೆಗಳಾದರೂ ಮರೆವಿನ ರೋಗಕ್ಕೆ ಸಂಬಂಧಿಸಿದ್ದಾಗಿರಬೇಕು.

ಅಷ್ಟು ಗಂಟೆಗಳಲ್ಲಿ ಕಲಿಸುವುದಾದರೂ ಏನು? ಕಾನೂನು, ಲೆಕ್ಕಪತ್ರ, ನೌಕರರ ಮೇಲ್ವಿಚಾರಣೆ ಇವು ಇದ್ದೇ ಇವೆ. ಆದರೆ ಪಾಠಕ್ರಮದ ಜೀವಾಳ ಎರಡು ವಿಷಯಗಳಲ್ಲಿ ಅಡಗಿದೆ. ಮೊದಲನೆಯದು ಔಷಧ. ವಯಸ್ಸಾದವರಿಗೆ ರಕ್ತದೊತ್ತಡಕ್ಕೊಂದು, ಸಕ್ಕರೆ ರೋಗಕ್ಕೊಂದು, ನಿದ್ರೆಗೊಂದು ಎಂದು ಹಲವು ಗುಳಿಗೆಗಳು ಸೇರಿರುತ್ತವೆ. ಒಂದು ಗುಳಿಗೆ ಇನ್ನೊಂದರ ಗುಣವನ್ನು ಕೆಡಿಸಬಹುದು. ನಿದ್ರೆಯ ಗುಳಿಗೆ ನಡುರಾತ್ರಿಯಲ್ಲಿ ಬೀಳಿಸಿ ತೊಡೆಯ ಮೂಳೆಯನ್ನು ಮುರಿಸಬಹುದು. ಆಡಳಿತಗಾರನು ವೈದ್ಯನಾಗಬೇಕಿಲ್ಲ. ಔಷಧಗಳನ್ನು ಬೀಗ ಹಾಕಿಡುವುದು, ಕೊಟ್ಟುದನ್ನು ಬರೆದಿಡುವುದು, ಮುದುಕರ ನಡೆನುಡಿಯಲ್ಲಿ ತಟ್ಟನೆ ತೋರಿದ ಬದಲಾವಣೆಯನ್ನು 'ವಯಸ್ಸಿನ ದೋಷ' ಎಂದು ತಳ್ಳಿಹಾಕದೆ ವೈದ್ಯರಿಗೆ ತಿಳಿಸುವುದು ಅವನ ಕರ್ತವ್ಯ.

ಎರಡನೆಯದು ಇದಕ್ಕಿಂತಲೂ ಕಠಿನವಾದುದು. ಅದು 'ಇಲ್ಲ' ಎನ್ನುವ ವಿದ್ಯೆ. ಬಂದವರನ್ನೆಲ್ಲ ಸೇರಿಸಿಕೊಳ್ಳುವುದು ದಯೆಯಂತೆ ಕಂಡರೂ, ನೋಡಿಕೊಳ್ಳಲಾಗದವರನ್ನು ಸೇರಿಸಿಕೊಳ್ಳುವುದು ಹಿಂಸೆಯೇ ಸರಿ. ಆದುದರಿಂದ ಸೇರಿಸಿಕೊಳ್ಳುವ ಮುನ್ನವೇ ವೃದ್ಧರ ದೇಹಸ್ಥಿತಿ, ಮನಃಸ್ಥಿತಿಗಳನ್ನು ಅಳೆಯಬೇಕು, ವೈದ್ಯರ ವರದಿ ಪಡೆಯಬೇಕು. ಮೂರನೆಯ ಅಥವಾ ನಾಲ್ಕನೆಯ ಹಂತಕ್ಕೆ ಇಳಿದ ಹಾಸಿಗೆ ಹುಣ್ಣು ಇರುವವರನ್ನಾಗಲಿ, ನಳಿಕೆಯ ಮೂಲಕ ಆಹಾರ ಪಡೆಯುವವರನ್ನಾಗಲಿ ಸಾಮಾನ್ಯ ನಿಯಮದಂತೆ ಅಲ್ಲಿ ಇಟ್ಟುಕೊಳ್ಳುವಂತಿಲ್ಲ. ಅವರಿಗೆ ಶುಶ್ರೂಷಾಲಯವೇ ತಕ್ಕ ಸ್ಥಳ. ಹಾಸಿಗೆ ಹಿಡಿದವರನ್ನು ಇರಿಸಿಕೊಳ್ಳಬೇಕಾದರೆ ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಬೇಕು. ಬೆಂಕಿ ಬಿದ್ದ ರಾತ್ರಿ ಅವರು ತಾವಾಗಿ ಎದ್ದು ಹೊರಗೆ ಬರಲಾರರಷ್ಟೆ. ಇತ್ತ ಒಮ್ಮೆ ಸೇರಿಸಿಕೊಂಡವರನ್ನು ಮನಬಂದಂತೆ ಹೊರಗಟ್ಟುವಂತೆಯೂ ಇಲ್ಲ. ಸಾಮಾನ್ಯವಾಗಿ 30 ದಿನಗಳ ಮುನ್ಸೂಚನೆಯನ್ನು ಕಾರಣಸಹಿತ ಬರೆದು ಕೊಡಬೇಕು.

ಕೈಯಾರೆ ಸೇವೆ ಮಾಡುವ ನೌಕರರಿಗೂ 2016ರಿಂದ 40 ಗಂಟೆಗಳ ತರಬೇತಿ ಕಡ್ಡಾಯವಾಯಿತು. ಅದರಲ್ಲಿ ಅರ್ಧ ಮುಗಿಯುವ ತನಕ ಅವರು ಒಬ್ಬರೇ ವೃದ್ಧರ ಬಳಿ ಕೆಲಸ ಮಾಡುವಂತಿಲ್ಲ. ಉಳಿದರ್ಧವನ್ನು ಮೊದಲ ನಾಲ್ಕು ವಾರಗಳಲ್ಲಿ ಮುಗಿಸಬೇಕು.

ಈ ವ್ಯವಸ್ಥೆ ನಿರ್ದುಷ್ಟವೆಂದು ಹೇಳಬರುವುದಿಲ್ಲ. ಎಂಬತ್ತು ಗಂಟೆಗಳೆಂದರೆ ದಿನಕ್ಕೆ ಎಂಟರಂತೆ ಹತ್ತೇ ದಿನ. ಅಷ್ಟರಲ್ಲಿ ಮುಪ್ಪಿನ ಮರ್ಮವೆಲ್ಲ ಕರಗತವಾದೀತೇ? ಮೇಲಾಗಿ ನೂರು ಪ್ರಶ್ನೆಗಳಿಂದ ಜ್ಞಾಪಕಶಕ್ತಿಯನ್ನು ಅಳೆಯಬಹುದು, ಮರುಕವನ್ನು ಅಳೆಯಲಾಗದು. ಕ್ಯಾಸ್ಟ್ರೋ ವ್ಯಾಲಿಯಲ್ಲಿ ಉಳಿದುಕೊಂಡ ಇಬ್ಬರಲ್ಲಿ ಒಬ್ಬನೂ ಆಡಳಿತಗಾರನಾಗಿರಲಿಲ್ಲ. ಆದರೂ ಆ ಇಬ್ಬರ ಮರುಕದ ಮೇಲೆ ಇಡೀ ರಾಜ್ಯದ ವೃದ್ಧರ ಭಾರವನ್ನು ಹೊರಿಸುವುದು ನ್ಯಾಯವಲ್ಲವೆಂದು ಶಾಸನಕಾರರು ಬಗೆದುದು ಸರಿಯಾಗಿಯೇ ಇದೆ.

ಭಾರತದಲ್ಲಿ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣದ ಕಾಯಿದೆ 2007ರಲ್ಲಿ ಬಂದಿತು. ಅದರ 19ನೆಯ ಪ್ರಕರಣವು ಪ್ರತಿ ಜಿಲ್ಲೆಯಲ್ಲಿ ಕನಿಷ್ಠಪಕ್ಷ 150 ಮಂದಿ ನಿರ್ಗತಿಕ ವೃದ್ಧರಿಗೆ ಸ್ಥಳವಿರುವ ಒಂದು ಆಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದೆಂದು ಹೇಳುತ್ತದೆ; ನಿರ್ವಹಣೆಯ ಮಾನದಂಡಗಳನ್ನು ರೂಪಿಸುವುದನ್ನೂ ರಾಜ್ಯಕ್ಕೇ ಬಿಡುತ್ತದೆ. ಆಶ್ರಮದ ಆಡಳಿತಗಾರನು ಏನು ಕಲಿತಿರಬೇಕೆಂಬ ಮಾತು ಆ ಪ್ರಕರಣದಲ್ಲಿ ಇಲ್ಲ. ಆಶ್ರಮಗಳ ನೋಂದಣಿಯನ್ನು ಕಡ್ಡಾಯಗೊಳಿಸುವ ತಿದ್ದುಪಡಿ ಮಸೂದೆಯೊಂದು 2019ರ ಡಿಸೆಂಬರಿನಲ್ಲಿ ಲೋಕಸಭೆಯ ಮುಂದೆ ಬಂದಿತಾದರೂ ಆ ಸಭೆಯ ಅವಧಿ ಮುಗಿಯುವುದರೊಳಗೆ ಅದು ಶಾಸನವಾಗಲಿಲ್ಲ. ದೆಹಲಿಯ ರಾಷ್ಟ್ರೀಯ ಸಮಾಜ ರಕ್ಷಣಾ ಸಂಸ್ಥೆಯು ವೃದ್ಧಸೇವೆಯ ತರಬೇತಿಗಳನ್ನು ನಡೆಸುತ್ತ ಬಂದಿದೆ. ಕನ್ನಡನಾಡಿನಲ್ಲಿ ವೃದ್ಧಾಶ್ರಮ ಕಟ್ಟಲು ಮುಂದಾಗುವ ಸಂಘ ಸಂಸ್ಥೆಗಳು ಕಟ್ಟಡದ ಅಂದಾಜುಪಟ್ಟಿ ತಯಾರಿಸುವಾಗಲೇ, ಅದನ್ನು ನಡೆಸಲಿರುವವರ ಶಿಕ್ಷಣಕ್ಕೂ ಒಂದಿಷ್ಟು ಹಣವನ್ನು ಪ್ರತ್ಯೇಕವಾಗಿ ತೆಗೆದಿರಿಸಲು ಯಾವ ಶಾಸನಕ್ಕೂ ಕಾಯಬೇಕಾಗಿಲ್ಲ.