ನೋವಿಲ್ಲದ ಕೈಗಳ ಗುಟ್ಟು

1947ರಲ್ಲಿ ಚೆಂಗಲ್ಪಟ್ಟಿನ ಕುಷ್ಠರೋಗ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಒಬ್ಬ ರೋಗಿಯತ್ತ ಕೈಚಾಚಿ, ಆದಷ್ಟು ಬಿಗಿಯಾಗಿ ಹಿಡಿಯಲು ಹೇಳಿದರು. ಆತನ ಬೆರಳುಗಳು ಒಳಕ್ಕೆ ಮುರುಟಿಕೊಂಡಿದ್ದವು. ಅವುಗಳಲ್ಲಿ ಕಸುವಿರಲಾರದು ಎಂದುಕೊಂಡಿದ್ದ ಬ್ರ್ಯಾಂಡ್ ಮರುಕ್ಷಣವೇ ನೋವು ತಾಳಲಾರದೆ ಕೈ ಬಿಡಿಸಿಕೊಳ್ಳಬೇಕಾಯಿತು. ತಾನು ಎಷ್ಟು ಬಲ ಹಾಕಿದೆ ಎಂಬುದೇ ರೋಗಿಗೆ ತಿಳಿದಿರಲಿಲ್ಲ.

ಬ್ರ್ಯಾಂಡ್ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದದ್ದು ಅದರ ಹಿಂದಿನ ವರ್ಷ. ಅವರನ್ನು ಚೆಂಗಲ್ಪಟ್ಟಿಗೆ ಕರೆಸಿಕೊಂಡವರು ಚರ್ಮರೋಗ ತಜ್ಞ ರಾಬರ್ಟ್ ಕಾಕ್ರೇನ್. ಇಷ್ಟು ಜನ ಕೈಕಾಲು ಕಳೆದುಕೊಳ್ಳುತ್ತಿದ್ದರೂ ಒಬ್ಬ ಮೂಳೆ ವೈದ್ಯನೂ ಇತ್ತ ತಿರುಗಿ ನೋಡಲಿಲ್ಲ ಎಂಬುದು ಕಾಕ್ರೇನರ ಕೊರಗು. ಆ ಒಂದು ಹಿಡಿತ ಬ್ರ್ಯಾಂಡರಿಗೆ ದಾರಿ ತೋರಿಸಿತು: ಅಂಗೈಯ ಸಣ್ಣ ಸ್ನಾಯುಗಳು ಸೋತಿದ್ದರೂ ಮುಂದೋಳಿನ ಬಲವಾದ ಸ್ನಾಯುಗಳು ಚೆನ್ನಾಗಿಯೇ ಇವೆ. ಅಂಥ ಒಂದು ಸ್ನಾಯುವಿನ ರಜ್ಜುವನ್ನು ಬೆರಳಿನತ್ತ ತಿರುಗಿಸಿ ಹೊಲಿದರೆ ಮುರುಟಿದ ಕೈ ಮತ್ತೆ ಬಿಚ್ಚಿಕೊಳ್ಳಬಹುದು. ವೆಲ್ಲೂರಿನಲ್ಲಿ ಶಸ್ತ್ರಕ್ರಿಯೆಗಳು ಶುರುವಾದವು, ಕೈಗಳು ಬಿಚ್ಚಿಕೊಂಡವು.

ಆದರೆ ಸರಿಪಡಿಸಿದ ಕೈಗಳಲ್ಲೂ ಹುಣ್ಣು ಏಳುತ್ತಿತ್ತು, ಬೆರಳು ಸವೆಯುತ್ತಿತ್ತು. ಕುಷ್ಠ ತಗುಲಿದ ಮಾಂಸವೇ ಕೆಟ್ಟದ್ದು, ಅದು ತಾನಾಗಿ ಕೊಳೆತು ಉದುರುತ್ತದೆ ಎಂದು ಜನರಂತೆ ವೈದ್ಯರೂ ನಂಬಿದ್ದ ಕಾಲವದು. ಬ್ರ್ಯಾಂಡರಿಗೆ ಅದು ಒಪ್ಪಿಗೆಯಾಗಲಿಲ್ಲ. ಒಂದು ದಿನ ಉಗ್ರಾಣದ ತುಕ್ಕು ಹಿಡಿದ ಬೀಗದೊಡನೆ ಅವರು ಗುದ್ದಾಡುತ್ತಿದ್ದಾಗ ರೋಗಿ ಹುಡುಗನೊಬ್ಬ ಬಂದು ಕೀಲಿಕೈಯನ್ನು ಸಲೀಸಾಗಿ ತಿರುಗಿಸಿಬಿಟ್ಟ. ನೆಲದ ಮೇಲೆ ರಕ್ತ ತೊಟ್ಟಿಕ್ಕಿತು. ನೋಡಿದರೆ ಬೆರಳು ಮೂಳೆ ಕಾಣುವಷ್ಟು ಸೀಳಿಹೋಗಿದೆ, ಹುಡುಗನಿಗೆ ಅದರ ಪರಿವೆಯೇ ಇಲ್ಲ! ಅಲ್ಲಿಂದ ಮುಂದೆ ಅವರು ಪ್ರತಿಯೊಂದು ಗಾಯದ ಮೂಲ ಹುಡುಕತೊಡಗಿದರು. ಒಬ್ಬನ ಬೊಬ್ಬೆಗೆ ಬಿಸಿ ಪಾತ್ರೆ ಕಾರಣವಾದರೆ ಇನ್ನೊಬ್ಬನ ಹುಣ್ಣಿಗೆ ಒರಟು ಹಿಡಿಯ ಸುತ್ತಿಗೆ. ರಾತ್ರಿ ಮಲಗುವಾಗ ಇದ್ದ ಬೆರಳ ತುದಿ ಬೆಳಿಗ್ಗೆ ಇಲ್ಲವಾಗುತ್ತಿದ್ದುದು ಮಾತ್ರ ಬಹಳ ದಿನ ಒಗಟಾಗಿತ್ತು. ಕೊನೆಗೆ ರಾತ್ರಿ ಎದ್ದು ಕಾವಲು ಕೂತಾಗ ಗೊತ್ತಾಯಿತು, ಇಲಿ ಬಂದು ಕಡಿಯುತ್ತಿತ್ತು. ಮಲಗಿದ್ದವನಿಗೆ ಎಚ್ಚರವೂ ಆಗುತ್ತಿರಲಿಲ್ಲ. ಆಮೇಲೆ ಮನೆಗೆ ಹೊರಡುವ ರೋಗಿಗಳ ಕೈಗೆ ಒಂದೊಂದು ಬೆಕ್ಕು ಕೊಟ್ಟು ಕಳಿಸುವುದು ರೂಢಿಯಾಯಿತು.

ರೋಗಾಣು ಕೊಲ್ಲುವುದು ನರಗಳನ್ನು. ನರ ಸತ್ತಮೇಲೆ ನೋವಿಲ್ಲ. ನೋವಿಲ್ಲದ ಮೇಲೆ ದಿನನಿತ್ಯದ ದುಡಿಮೆಯೇ ಬೆರಳುಗಳನ್ನು ತಿಂದು ಮುಗಿಸುತ್ತದೆ. ನಮ್ಮಲ್ಲಿ ಯಾರೂ ಕೇಳಿ ಪಡೆಯದ ನೋವೇ ಮೈಯನ್ನು ಹಗಲಿರುಳು ಕಾಯುತ್ತಿತ್ತು.

ಈ ಸತ್ಯ ಬ್ರ್ಯಾಂಡರ ನಂಬಿಕೆಯೊಳಗೆ ಇಳಿದದ್ದಕ್ಕೆ ಅವರ ಬದುಕಿನ ಹದವೂ ಕಾರಣ. ಅವರು ಹುಟ್ಟಿದ್ದು 1914ರಲ್ಲಿ, ಬೆಳೆದದ್ದು ತಮಿಳುನಾಡಿನ ಕೊಲ್ಲಿಮಲೆಯಲ್ಲಿ, ಮಿಷನರಿ ದಂಪತಿಯ ಮಗನಾಗಿ. ಒಂಬತ್ತನೆಯ ವಯಸ್ಸಿಗೆ ಓದಲೆಂದು ಇಂಗ್ಲೆಂಡಿಗೆ ಹೋದ ಹುಡುಗ ತಂದೆಯನ್ನು ಮತ್ತೆ ನೋಡಲಿಲ್ಲ. 1929ರಲ್ಲಿ ತಂದೆ ಜೆಸ್ಸಿ ಬ್ರ್ಯಾಂಡ್ ಜ್ವರಕ್ಕೆ ಬಲಿಯಾದರು. ತಾಯಿ ಎವೆಲಿನ್ ಬೆಟ್ಟವನ್ನು ಮರೆಯಲಿಲ್ಲ. ಎಪ್ಪತ್ತರ ಹತ್ತಿರ ಬಂದಾಗ ಮಿಷನ್ ನಿವೃತ್ತಿ ಕೊಟ್ಟರೂ ತಮ್ಮಷ್ಟಕ್ಕೆ ತಾವೇ ಮರಳಿ ಬೆಟ್ಟ ಹತ್ತಿದರು, ಕುದುರೆಯ ಮೇಲೆ ಹಳ್ಳಿ ಹಳ್ಳಿ ಸುತ್ತಿದರು, ತೊಂಬತ್ತೈದರವರೆಗೆ ಬದುಕಿದರು. ಅವರ ಶೋಕ ಅವರನ್ನು ಆ ಜನರಿಂದ ದೂರ ಮಾಡಲಿಲ್ಲ, ಹತ್ತಿರ ಮಾಡಿತು ಎಂದೇ ನನಗನ್ನಿಸುತ್ತದೆ. ಅಂಥ ತಾಯಿಯ ಮಗನಿಗೆ ದೇವರು ಮತ್ತು ದುಃಖ ಒಂದೇ ಮನೆಯಲ್ಲಿರುವುದು ಹೊಸ ವಿಚಾರವಾಗಿರಲಿಲ್ಲ.

ಆದರೂ ಕಂಡುಕೊಂಡದ್ದು ತನ್ನದಾಗಲು ಒಂದು ರಾತ್ರಿ ಬೇಕಾಯಿತು. ಅಮೆರಿಕದಿಂದ ಹಡಗಿನಲ್ಲಿ ಬಂದು, ಬಹಳ ಹೊತ್ತು ರೈಲಿನಲ್ಲಿ ಕೂತು ಲಂಡನ್ ತಲುಪಿದ ಬ್ರ್ಯಾಂಡ್ ಕಾಲುಚೀಲ ಬಿಚ್ಚುವಾಗ ಒಂದು ಹಿಮ್ಮಡಿಗೆ ಸ್ಪರ್ಶವೇ ಗೊತ್ತಾಗಲಿಲ್ಲ. ಸೂಜಿ ಚುಚ್ಚಿದರು, ರಕ್ತ ಬಂತು, ನೋವು ಬರಲಿಲ್ಲ. ಕುಷ್ಠದ ಮೊದಲ ಗುರುತನ್ನು ಅವರಷ್ಟು ಬಲ್ಲವರು ಯಾರಿದ್ದರು? ಹೆಂಡತಿ ಮಕ್ಕಳಿಂದ ದೂರವಿರಬೇಕಾದ ಬದುಕನ್ನು ನೆನೆಯುತ್ತ ಇರುಳಿಡೀ ನಿದ್ದೆಯಿಲ್ಲದೆ ಹೊರಳಾಡಿದರು. ಬೆಳಿಗ್ಗೆ ಮತ್ತೆ ಸೂಜಿ ಚುಚ್ಚಿದಾಗ ನೋವಿಗೆ ಕೂಗಿಕೊಂಡರು. ರೈಲಿನಲ್ಲಿ ಕೂತ ಭಂಗಿಗೆ ನರವೊಂದು ಜೋಮು ಹಿಡಿದಿತ್ತು, ಅಷ್ಟೇ. ಅಂದು ಅವರು ನೋವಿಗಾಗಿ ದೇವರಿಗೆ ಸ್ತೋತ್ರ ಹೇಳಿದರು.

ಕಷ್ಟ ಒಳ್ಳೆಯದು, ಸಹಿಸಿಕೊಳ್ಳಿ ಎಂದು ಕಷ್ಟದಲ್ಲಿರುವವರಿಗೆ ಉಪದೇಶಿಸುವವರು ಸಭೆಗಳಲ್ಲಿ ಇಂದಿಗೂ ಇದ್ದಾರೆ. ಅವರ ಸಾಲಿಗೆ ಬ್ರ್ಯಾಂಡರನ್ನು ಸೇರಿಸುವುದು ಅನ್ಯಾಯ. ರೋಗಿಗಳಿಗೆ ಅವರು ಉಪದೇಶದ ಬದಲು ಶಸ್ತ್ರಕ್ರಿಯೆ ಮಾಡಿದರು, ಗಾಯವಾಗದ ಹಾಗೆ ಮೆತ್ತನೆ ರಬ್ಬರಿನ ಚಪ್ಪಲಿ ಮಾಡಿಸಿಕೊಟ್ಟರು. ನೋವಿಗೆ ಸ್ತೋತ್ರ ಹೇಳುವ ಹಕ್ಕನ್ನು ಅವರು ಹಾಗೆ ಸಂಪಾದಿಸಿದ್ದರು.

1966ರಲ್ಲಿ ಅವರು ಅಮೆರಿಕದ ಲೂಸಿಯಾನಾದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಕಳೆದುಹೋದ ನೋವಿಗೆ ಬದಲಿಯನ್ನು ತಯಾರಿಸಲು ಅಲ್ಲಿ ಅವರ ತಂಡ ವರ್ಷಗಟ್ಟಲೆ ದುಡಿಯಿತು. ಕೈಗವಸಿನಲ್ಲಿ ಒತ್ತಡ ಅಳೆಯುವ ಸಾಧನ ಇಟ್ಟು, ಅಪಾಯವಾದೊಡನೆ ಕಿವಿಯಲ್ಲಿ ಸದ್ದಾಗುವಂತೆ ಮಾಡಿದರು. ರೋಗಿಗಳು ಲಕ್ಷಿಸಲಿಲ್ಲ. ಸಣ್ಣ ವಿದ್ಯುತ್ ಆಘಾತ ಕೊಟ್ಟು ನೋಡಿದರು. ಬೇಕಾದ ಕೆಲಸಕ್ಕೆ ಅಡ್ಡಿಯಾದಾಗ ರೋಗಿಗಳು ಯಂತ್ರವನ್ನು ಆರಿಸಿ ಕೆಲಸ ಮುಗಿಸಿಕೊಂಡು ಮತ್ತೆ ಹಾಕಿಕೊಳ್ಳುತ್ತಿದ್ದರು. ನೋವಿನ ಗುಂಡಿ ನೋಯುವವನ ಕೈಗೆ ಸಿಗಬಾರದು, ಅದನ್ನು ಹಾಗೆಯೇ ಮಾಡಿಟ್ಟಿದ್ದಾನೆ ಸೃಷ್ಟಿಕರ್ತ ಎಂಬ ತೀರ್ಮಾನಕ್ಕೆ ಬಂದ ಬ್ರ್ಯಾಂಡ್ ಆ ಯೋಜನೆಯನ್ನು ಕೈಬಿಟ್ಟರು.