ಹಳೆಯ ಕಬ್ ಕೆಡೆಟ್ ಬಿಚ್ಚಿದಾಗ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ನಗರಗಳ ಸುತ್ತ ಹೊಸ ಬಡಾವಣೆಗಳು ಹಬ್ಬಿದವು. ಅರ್ಧ ಎಕರೆಯೋ ಒಂದು ಎಕರೆಯೋ ಜಾಗ, ನಡುವೆ ಮನೆ. ಅಷ್ಟು ಹುಲ್ಲು ಕತ್ತರಿಸಲು ತಳ್ಳುವ ಯಂತ್ರ ಸಾಲದು, ಹೊಲದ ಟ್ರ್ಯಾಕ್ಟರ್ ಅಲ್ಲಿ ತಿರುಗಲಾರದು. ಬೇಸಿಗೆಯಲ್ಲಿ ಹುಲ್ಲು, ವಸಂತದಲ್ಲಿ ತರಕಾರಿ ಮಡಿಯ ಉಳುಮೆ, ಚಳಿಗಾಲದಲ್ಲಿ ಹಿಮ ತಳ್ಳುವುದು, ಇಷ್ಟನ್ನೂ ಮಾಡುವ ಪುಟ್ಟ ಟ್ರ್ಯಾಕ್ಟರ್ ಬೇಕಾಗಿತ್ತು. ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ವೀಲ್ ಹಾರ್ಸ್ ಕಂಪನಿ ಈ ದಾರಿ ತೆರೆದಿತ್ತು. 1961ರ ಹೊತ್ತಿಗೆ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ತನ್ನ ಲೂಯಿವಿಲ್ ಕಾರ್ಖಾನೆಯಿಂದ ಹಳದಿ-ಬಿಳಿ ಬಣ್ಣದ ‘ಕಬ್ ಕೆಡೆಟ್’ ಇಳಿಸಿತು. 1963ರಲ್ಲಿ ಜಾನ್ ಡಿಯರ್ ಕಂಪನಿಯ 110 ಬಂತು. ಎರಡರಲ್ಲೂ ಇದ್ದದ್ದು ಕೋಲರ್ ಕಂಪನಿಯ ಕೆ ಸರಣಿಯ ಒಂದೇ ಸಿಲಿಂಡರಿನ ಎಂಜಿನ್, ಏಳು ಕುದುರೆಬಲದ್ದು.

ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಹೆಸರು ನಮ್ಮ ರೈತರಿಗೂ ದೂರದ್ದಲ್ಲ. 1963ರಲ್ಲಿ ಅದೇ ಕಂಪನಿ ಮಹೀಂದ್ರ ಮತ್ತು ವೋಲ್ಟಾಸ್ ಜೊತೆ ಸೇರಿ ಭಾರತದಲ್ಲಿ ಟ್ರ್ಯಾಕ್ಟರ್ ತಯಾರಿಕೆಗೆ ಕೈಹಾಕಿತು. ನಮ್ಮ ಹೊಲಗಳಲ್ಲಿ ದುಡಿದ ಬಿ-275 ಆ ಒಡನಾಟದ ಕೂಸು. ಅದರ ಮುಂದೆ ಕಬ್ ಕೆಡೆಟ್ ಮೂರು ಕ್ವಿಂಟಲ್ ಆಸುಪಾಸಿನ ಆಟಿಕೆಯಂತೆ ಕಂಡೀತು. ಆದರೆ ಅದರ ಗಿಯರ್ ಪೆಟ್ಟಿಗೆ ಬಂದದ್ದು ಫಾರ್ಮಾಲ್ ಕಬ್ ಎಂಬ ನಿಜವಾದ ಹೊಲದ ಟ್ರ್ಯಾಕ್ಟರಿನಿಂದ. ಎಂಜಿನ್ನಿನ ಬ್ಲಾಕ್ ಬೀಡು ಕಬ್ಬಿಣದ್ದು. ಅರವತ್ತು ವರ್ಷ ಕೊಟ್ಟಿಗೆಯ ಮೂಲೆಯಲ್ಲೋ ಮರದ ಕೆಳಗೋ ಬಿದ್ದಿದ್ದರೂ ಇವುಗಳನ್ನು ಮತ್ತೆ ಓಡಿಸುವ ಹವ್ಯಾಸ ಅಮೆರಿಕದಲ್ಲಿ ಬೆಳೆದಿರುವುದಕ್ಕೆ ಮುಖ್ಯ ಕಾರಣ ಇದೇ. ಇಡೀ ಯಂತ್ರವನ್ನು ಸ್ಪ್ಯಾನರಿನಿಂದ ಬಿಚ್ಚಬಹುದು, ಪ್ರತಿ ಭಾಗವನ್ನೂ ಅಳೆಯಬಹುದು, ಸವೆದದ್ದನ್ನು ಲೇತಿನಲ್ಲಿ ಸರಿಮಾಡಿಸಬಹುದು. ಮೈಸೂರಿನಲ್ಲಿ ಹಳೆಯ ಜಾವಾ, ಯೆಜ್ಡಿ ಬೈಕುಗಳನ್ನು ಬಿಚ್ಚಿ ಜೋಡಿಸುವವರಿಗೆ ಈ ಸುಖ ವಿವರಿಸಬೇಕಾಗಿಲ್ಲ.

ಹೊಸಬರು ಸಾಮಾನ್ಯವಾಗಿ ಬಣ್ಣದಿಂದ ಶುರುಮಾಡುತ್ತಾರೆ. ಅದು ತಪ್ಪು ಕ್ರಮ ಎಂದೇ ನನ್ನ ಅಭಿಪ್ರಾಯ. ಮೊದಲು ಎಂಜಿನ್ ಏಕೆ ನಿಂತಿತು ಎಂದು ತಿಳಿಯಬೇಕು. ಪೆಟ್ರೋಲ್ ಎಂಜಿನ್ ಕೇಳುವುದು ಮೂರನ್ನೇ: ಹದವಾದ ಗಾಳಿ-ಪೆಟ್ರೋಲ್ ಮಿಶ್ರಣ, ಅದನ್ನು ಒತ್ತಿ ಹಿಡಿಯುವ ಸಿಲಿಂಡರ್, ಸರಿಯಾದ ಗಳಿಗೆಯಲ್ಲಿ ಕಿಡಿ. ಇವುಗಳಲ್ಲಿ ಯಾವುದು ಕೆಟ್ಟಿದೆ ಎಂಬ ಹುಡುಕಾಟವೇ ಈ ಹವ್ಯಾಸದ ಜೀವಾಳ.

ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ಜಾಮ್ ಆಗಿರುವುದು ಹೆಚ್ಚು. ವಾಲ್ವ್ ತೆರೆದ ಸ್ಥಿತಿಯಲ್ಲಿ ನಿಂತಿದ್ದರೆ ತೇವದ ಗಾಳಿ ಒಳಹೋಗಿ ಸಿಲಿಂಡರ್ ಗೋಡೆ ತುಕ್ಕು ಹಿಡಿಯುತ್ತದೆ, ರಿಂಗುಗಳು ಅದಕ್ಕೆ ಕಚ್ಚಿಕೊಳ್ಳುತ್ತವೆ. ಕೆ ಸರಣಿಯಲ್ಲಿ ವಾಲ್ವುಗಳು ಹೆಡ್ಡಿನಲ್ಲಿಲ್ಲ, ಸಿಲಿಂಡರಿನ ಪಕ್ಕದಲ್ಲಿ ಬ್ಲಾಕಿನೊಳಗೇ ನಿಂತಿವೆ. ಹೀಗಾಗಿ ಹೆಡ್ ಎಂದರೆ ಬರೀ ಮುಚ್ಚಳ. ಬೋಲ್ಟುಗಳನ್ನು ತೆಗೆದರೆ ಪಿಸ್ಟನ್ ಕಣ್ಣೆದುರಿಗೇ ಬರುತ್ತದೆ. ಅಲ್ಲಿ ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗಿಯರ್ ಎಣ್ಣೆಯನ್ನು ಸಮಪಾಲು ಬೆರೆಸಿ ಸುರಿದು ದಿನಗಟ್ಟಲೆ ಬಿಡುವವರು ಬಹಳ. ಅಸಿಟೋನ್ ಎಣ್ಣೆಯನ್ನು ತೆಳುವಾಗಿಸಿ ಕೂದಲೆಳೆಯ ಸಂದಿಗೂ ಇಳಿಸುತ್ತದೆ, ಬಳಿಕ ತಾನು ಆವಿಯಾಗಿ ಎಣ್ಣೆಯನ್ನು ಅಲ್ಲೇ ಉಳಿಸುತ್ತದೆ. ಅದು ಪೂರ್ತಿ ಆರಿದ ಮೇಲಷ್ಟೇ ಬ್ಲಾಕನ್ನು ಹದವಾಗಿ ಬಿಸಿಮಾಡಿ ತಣಿಸಬಹುದು. ಪಿಸ್ಟನ್ ಅಲ್ಯೂಮಿನಿಯಂ, ಸಿಲಿಂಡರ್ ಕಬ್ಬಿಣ. ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ, ಅಷ್ಟೇ ಕುಗ್ಗುತ್ತದೆ. ಈ ವ್ಯತ್ಯಾಸ ನಡುವಿನ ತುಕ್ಕನ್ನು ಒಡೆಯುತ್ತದೆ. ಆಮೇಲೆ ಗಟ್ಟಿ ಮರದ ತುಂಡಿಟ್ಟು ಮೆಲ್ಲಗೆ ತಟ್ಟಬೇಕು. ಬೇಸತ್ತು ಟ್ರ್ಯಾಕ್ಟರನ್ನು ಗಿಯರಿಗೆ ಹಾಕಿ ಎಳೆಸಿದರೆ ಕನೆಕ್ಟಿಂಗ್ ರಾಡ್ ಮುರಿಯುತ್ತದೆ.

ಆ ರಾಡ್ ವಿಷಯದಲ್ಲಿ ಕೋಲರ್ ಎಂಜಿನಿಯರುಗಳು ಅಚ್ಚರಿಯ ಸರಳತೆ ತೋರಿದರು. ದೊಡ್ಡ ಎಂಜಿನ್ನುಗಳಲ್ಲಿ ರಾಡ್ ಮತ್ತು ಕ್ರ್ಯಾಂಕ್ ನಡುವೆ ಬೇರೆಯೇ ಬೇರಿಂಗ್ ಇರುತ್ತದೆ. ಇಲ್ಲಿ ಅದಿಲ್ಲ, ಅಲ್ಯೂಮಿನಿಯಂ ರಾಡ್ ನೇರವಾಗಿ ಉಕ್ಕಿನ ಮೇಲೆಯೇ ತಿರುಗುತ್ತದೆ. ಎಣ್ಣೆ ಪಂಪೂ ಇಲ್ಲ. ರಾಡಿನ ತುದಿಯ ಚಿಕ್ಕ ಸೌಟಿನಂಥ ಚಾಚು ಪ್ರತಿ ಸುತ್ತಿಗೂ ತಳದ ಎಣ್ಣೆಯಲ್ಲಿ ಮುಳುಗಿ ಸುತ್ತಲೂ ಚಿಮ್ಮಿಸುತ್ತದೆ. ಎಣ್ಣೆ ಮಟ್ಟ ಇಳಿದರೆ ಮೊದಲು ಒಣಗುವುದು ಈ ಜಾಗವೇ. ಆಗ ಅಲ್ಯೂಮಿನಿಯಂ ಕರಗಿ ಕ್ರ್ಯಾಂಕಿಗೆ ಅಂಟುತ್ತದೆ, ರಾಡ್ ತುಂಡಾಗಿ ಬ್ಲಾಕಿಗೇ ತೂತು ಬೀಳುವುದೂ ಉಂಟು. ಕ್ರ್ಯಾಂಕಿಗೆ ಅಂಟಿದ ಅಲ್ಯೂಮಿನಿಯಂ ತೆಗೆಯಲು ರಸಾಯನಶಾಸ್ತ್ರ ನೆರವಿಗೆ ಬರುತ್ತದೆ. ಕಾಸ್ಟಿಕ್ ಸೋಡ ಅಲ್ಯೂಮಿನಿಯಮ್ಮನ್ನು ಕರಗಿಸುತ್ತದೆ, ಉಕ್ಕನ್ನು ಮುಟ್ಟುವುದಿಲ್ಲ. ಅದು ಚರ್ಮವನ್ನೂ ಸುಡುವುದರಿಂದ ಕೈಗವಸು, ಕನ್ನಡಕ ಇಲ್ಲದೆ ಆ ಕೆಲಸಕ್ಕೆ ಕೈಹಾಕಬಾರದು.

ತುಕ್ಕು ತೆಗೆಯಲು ಉಪ್ಪುಕಾಗದಕ್ಕಿಂತ ಸೊಗಸಾದ ವಿಧಾನವಿದೆ. ಪ್ಲಾಸ್ಟಿಕ್ ತೊಟ್ಟಿಯ ನೀರಿಗೆ ವಾಷಿಂಗ್ ಸೋಡ ಕದಡಿ, ತುಕ್ಕು ಹಿಡಿದ ಭಾಗವನ್ನು ಬ್ಯಾಟರಿ ಚಾರ್ಜರಿನ ಋಣ ತಂತಿಗೂ, ಬೇಡವಾದ ಕಬ್ಬಿಣದ ತುಂಡನ್ನು ಧನ ತಂತಿಗೂ ಕಟ್ಟಿ ಮುಳುಗಿಸುತ್ತಾರೆ. ತುಕ್ಕು ಎಂದರೆ ಆಮ್ಲಜನಕಕ್ಕೆ ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ. ಚಾರ್ಜರ್ ಆ ಎಲೆಕ್ಟ್ರಾನುಗಳನ್ನು ಮರಳಿ ತುಂಬುತ್ತದೆ. ಕೆಂಪು ತುಕ್ಕಿನ ಒಂದಷ್ಟು ಭಾಗ ಕಪ್ಪು ಆಕ್ಸೈಡ್ ಆಗಿ ಸಡಿಲಗೊಳ್ಳುತ್ತದೆ, ಲೋಹದ ಮೈಯಿಂದ ಏಳುವ ಜಲಜನಕದ ಗುಳ್ಳೆಗಳು ಅದನ್ನು ಎಬ್ಬಿಸುತ್ತವೆ. ಒಳಗಿನ ಒಳ್ಳೆಯ ಲೋಹ ಕೊಂಚವೂ ಸವೆಯುವುದಿಲ್ಲ, ಎರಕದಲ್ಲಿ ಮೂಡಿದ ಅಂಕಿ ಅಕ್ಷರಗಳು ಹಾಗೇ ಉಳಿಯುತ್ತವೆ. ಜಲಜನಕ ಹೊತ್ತಿಕೊಳ್ಳುವ ಅನಿಲವಾದ್ದರಿಂದ ಇದನ್ನು ಬಯಲಿನಲ್ಲೇ ಮಾಡಬೇಕು. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಲೇಬಾರದು, ಅದರ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಇಳಿಯುತ್ತದೆ. ಅಲ್ಯೂಮಿನಿಯಂ ಭಾಗಗಳಿಗೂ ಈ ತೊಟ್ಟಿ ಸಲ್ಲದು.

ಪಿಸ್ಟನ್ ಬಿಟ್ಟುಕೊಂಡ ಮೇಲೆ ಅನೇಕರು ಕಂಪ್ರೆಷನ್ ಗೇಜ್ ಹಚ್ಚಿ ನೋಡಿ ಎದೆಗುಂದುತ್ತಾರೆ. ಒತ್ತಡ ತೀರಾ ಕಡಿಮೆ ತೋರುತ್ತದೆ, ರಿಂಗ್ ಹೋಗಿದೆ ಎಂದು ತೀರ್ಮಾನಿಸುತ್ತಾರೆ. ಆದರೆ ನಂತರದ ಕೆ ಎಂಜಿನ್ನುಗಳ ಕ್ಯಾಮ್ ಗಿಯರಿನಲ್ಲಿ ಸ್ಪ್ರಿಂಗ್ ಕಟ್ಟಿದ ಪುಟ್ಟ ತೂಕಗಳಿವೆ. ಎಂಜಿನ್ ನಿಧಾನವಾಗಿ ತಿರುಗುವಾಗ ಅವು ಎಕ್ಸಾಸ್ಟ್ ವಾಲ್ವನ್ನು ತುಸು ತೆರೆದೇ ಹಿಡಿಯುತ್ತವೆ, ಸ್ಟಾರ್ಟ್ ಮಾಡುವವರ ಶ್ರಮ ಇಳಿಸಲೆಂದು. ವೇಗ ನಿಮಿಷಕ್ಕೆ ಸುಮಾರು 650 ಸುತ್ತು ದಾಟಿದಾಗ ತೂಕಗಳು ಹೊರಕ್ಕೆ ಸರಿದು ವಾಲ್ವ್ ಪೂರ್ತಿ ಮುಚ್ಚಲು ಬಿಡುತ್ತವೆ. ಸ್ಟಾರ್ಟರಿನ ವೇಗದಲ್ಲಿ ಗೇಜ್ ಓದುವುದು ಈ ಸೋರಿಕೆಯನ್ನೇ. ನಿಜ ಸ್ಥಿತಿ ತಿಳಿಯಲು ಪಿಸ್ಟನ್ ಮೇಲ್ತುದಿಯಲ್ಲಿರುವಾಗ ಪ್ಲಗ್ ತೂತಿನಿಂದ ಗಾಳಿ ತುಂಬಿ, ಅದು ಎಲ್ಲಿಂದ ಸೋರುತ್ತದೆ ಎಂದು ಕಿವಿಗೊಡಬೇಕು. ಸೈಲೆನ್ಸರಿನಲ್ಲಿ ಸದ್ದಾದರೆ ಎಕ್ಸಾಸ್ಟ್ ವಾಲ್ವ್, ಎಣ್ಣೆ ಹಾಕುವ ಕಡೆ ಸದ್ದಾದರೆ ರಿಂಗ್. ಸಿಲಿಂಡರ್ ಸವೆದಿದ್ದರೆ ಬೋರ್ ಹಾಕಿಸಿ, ಇಂಚಿನ ಸಾವಿರದಲ್ಲಿ 10, 20 ಅಥವಾ 30 ಭಾಗ ದೊಡ್ಡದಾದ ಪಿಸ್ಟನ್ ಕೂರಿಸುತ್ತಾರೆ. ಈ ದುರಸ್ತಿಗೆಂದೇ ಸಿಲಿಂಡರ್ ಗೋಡೆಯನ್ನು ಅಷ್ಟು ದಪ್ಪ ಎರಕ ಹೊಯ್ದಿದ್ದಾರೆ.

ಕಿಡಿಯ ಕಥೆ ಇನ್ನೂ ಚೆಂದ. ಬ್ಯಾಟರಿಯ 12 ವೋಲ್ಟ್ ಪ್ಲಗ್ಗಿನ ಸಂದಿ ಹಾರಲಾರದು. ಅದನ್ನು ಕಾಯಿಲಿನ ದಪ್ಪ ಸುರುಳಿಯಲ್ಲಿ ಹರಿಸಿ, ಫಕ್ಕನೆ ಕಡಿಯುವುದು ಪಾಯಿಂಟ್ ಎಂಬ ಪುಟ್ಟ ಸ್ವಿಚ್ಚಿನ ಕೆಲಸ. ಕಾಂತಕ್ಷೇತ್ರ ಕುಸಿಯುವ ವೇಗಕ್ಕೆ ತೆಳು ಸುರುಳಿಯ ಸಾವಿರಾರು ಸುತ್ತುಗಳಲ್ಲಿ ಹತ್ತಾರು ಸಾವಿರ ವೋಲ್ಟ್ ಹುಟ್ಟುತ್ತದೆ. ಪಕ್ಕದ ಕಂಡೆನ್ಸರ್ ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆದು ಆ ಕುಸಿತವನ್ನು ಚುರುಕಾಗಿಸುತ್ತದೆ. ಪೂರ್ಣ ವೇಗದಲ್ಲಿ, ಅಂದರೆ ನಿಮಿಷಕ್ಕೆ 3,600 ಸುತ್ತಿನಲ್ಲಿ, ಪಾಯಿಂಟ್ ಸೆಕೆಂಡಿಗೆ 30 ಬಾರಿ ತೆರೆದು ಮುಚ್ಚುತ್ತದೆ. ಕೊಟ್ಟಿಗೆಯಲ್ಲಿ ನಿಂತ ಟ್ರ್ಯಾಕ್ಟರಿಗೆ ಕಿಡಿ ಬಾರದಿರಲು ಎಷ್ಟೋ ಸಲ ಪಾಯಿಂಟಿನ ಮೇಲಿನ ಕಣ್ಣಿಗೆ ಕಾಣದ ಕಿಲುಬಿನ ಪದರವೇ ಕಾರಣ. ನಯವಾಗಿ ಉಜ್ಜಿ, ಫೀಲರ್ ಗೇಜಿನಿಂದ 0.020 ಇಂಚಿನ ಸಂದಿ ಇಟ್ಟರೆ ನೀಲಿ ಕಿಡಿ ಮರಳುತ್ತದೆ. ಇನ್ನೂ ನಿಖರತೆ ಬೇಕಾದವರು ಫ್ಲೈವೀಲಿನ ಮೇಲಿನ ‘ಎಸ್’ ಗುರುತು ಕಿಂಡಿಯ ಎದುರು ಬಂದಾಗ ಪಾಯಿಂಟ್ ಬಿಡುವಂತೆ ಹೊಂದಿಸುತ್ತಾರೆ. ಪಿಸ್ಟನ್ ಮೇಲ್ತುದಿ ತಲುಪಲು ಆಗ ಇನ್ನೂ 20 ಡಿಗ್ರಿ ಬಾಕಿ, ಏಕೆಂದರೆ ಬೆಂಕಿ ಹರಡಲೂ ಹೊತ್ತು ಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಸ್ಟಾರ್ಟರ್-ಜನರೇಟರ್. ಆ ಕಾಲದ ಅನೇಕ ಗಾರ್ಡನ್ ಟ್ರ್ಯಾಕ್ಟರುಗಳಲ್ಲಿ ಎಂಜಿನ್ ಪಕ್ಕ ಬೆಲ್ಟಿನಿಂದ ಕಟ್ಟಿದ ಡೆಲ್ಕೊ-ರೆಮಿಯ ಒಂದೇ ಉರುಟು ಯಂತ್ರವಿರುತ್ತದೆ. ಕೀ ತಿರುಗಿಸಿದಾಗ ಬ್ಯಾಟರಿಯಿಂದ ವಿದ್ಯುತ್ ಪಡೆದು ಎಂಜಿನ್ನನ್ನು ಅದು ತಿರುಗಿಸುತ್ತದೆ. ಎಂಜಿನ್ ಹೊತ್ತಿಕೊಂಡ ಮೇಲೆ ಎಂಜಿನ್ನೇ ಅದನ್ನು ತಿರುಗಿಸುತ್ತದೆ, ಅದು ಬ್ಯಾಟರಿಯನ್ನು ತುಂಬುತ್ತದೆ. ಮೋಟಾರು ಮತ್ತು ಜನರೇಟರ್ ಮೂಲತಃ ಒಂದೇ ಎಂಬುದು ಪಠ್ಯಪುಸ್ತಕದಲ್ಲಿ ಓದಿ ಮರೆಯುವ ಮಾತು; ಇಲ್ಲಿ ಅದನ್ನು ಕೈಯಿಂದ ಮುಟ್ಟಬಹುದು. ಅದರೊಳಗೆ ಶಾಶ್ವತ ಅಯಸ್ಕಾಂತ ಇಲ್ಲ. ಹಿಂದಿನ ಬಾರಿ ಓಡಿದಾಗ ಕಬ್ಬಿಣದ ತಿರುಳಿನಲ್ಲಿ ಉಳಿದ ಚೂರು ಕಾಂತತ್ವವೇ ಮುಂದಿನ ಬಾರಿಯ ವಿದ್ಯುತ್ತಿಗೆ ಬೀಜ. ಬಿಚ್ಚಿ ಜೋಡಿಸಿದ ಮೇಲೆ ಆ ಬೀಜ ಅಳಿಸಿಹೋಗಿರಬಹುದು ಅಥವಾ ತಿರುವುಮುರುವಾಗಿರಬಹುದು. ಅದಕ್ಕಾಗಿ ಎಂಜಿನ್ ಓಡಿಸುವ ಮುಂಚೆ ರೆಗ್ಯುಲೇಟರಿನ ಬ್ಯಾಟರಿ ಮತ್ತು ಜನರೇಟರ್ ತುದಿಗಳನ್ನು ಒಂದು ತಂತಿಯಿಂದ ಕ್ಷಣಮಾತ್ರ ಮುಟ್ಟಿಸಿ ಕಾಂತತ್ವವನ್ನು ಸರಿಯಾದ ದಿಕ್ಕಿಗೆ ಕೂರಿಸುತ್ತಾರೆ. ಇದನ್ನು ಅರಿಯದವರು ಚಾರ್ಜ್ ಆಗುತ್ತಿಲ್ಲವೆಂದು ಒಳ್ಳೆಯ ಜನರೇಟರನ್ನೇ ಗುಜರಿಗೆ ಎಸೆದಿದ್ದಾರೆ.

ಕಾರ್ಬೊರೇಟರಿನಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಹಳೆ ಪೆಟ್ರೋಲ್ ಒಣಗಿ ಅಂಟಾಗಿ ತೂತುಗಳನ್ನು ಮುಚ್ಚಿರುತ್ತದೆ. ಬಿಚ್ಚಿ, ತೊಳೆದು, ಗಾಳಿ ಊದಿ, ಗ್ಯಾಸ್ಕೆಟ್ ಬದಲಿಸಿದರೆ ಮುಗಿಯಿತು. ಬಣ್ಣಕ್ಕೆ ಮಾತ್ರ ಎಚ್ಚರ ಬೇಕು. ಆ ಕಾಲದ ಬಣ್ಣದಲ್ಲಿ ಸೀಸ, ಬ್ರೇಕ್ ಮತ್ತು ಕ್ಲಚ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವಿದೆ, ಹಾಗಾಗಿ ಒಣಗಿದ್ದಾಗ ಉಜ್ಜದೆ ನೀರು ಹಾಕಿಯೇ ಉಜ್ಜಬೇಕು. ಕಾರ್ಖಾನೆಯ ಬಣ್ಣ ಮುಕ್ಕಾಲು ಉಳಿದಿದ್ದರೆ ಹಾಗೇ ಬಿಡುವುದು ಮೇಲು, ಅದನ್ನು ಮತ್ತೆ ಯಾರೂ ಹಚ್ಚಲಾರರು. ಹಳೆ ಎಂಜಿನ್ ಕಿತ್ತು ಹೊಸ ಅಗ್ಗದ ಎಂಜಿನ್ ಕೂರಿಸುವುದನ್ನೂ ಜೀರ್ಣೋದ್ಧಾರ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹುಲ್ಲು ಕತ್ತರಿಸಲು ಅದು ಸಾಕು, ಆದರೆ ಉಳಿಸಬೇಕಾಗಿದ್ದ ಯಂತ್ರ ಹೋಗಿರುತ್ತದೆ.

ಹೊಸ ರಿಂಗ್ ಹಾಕಿ ಜೋಡಿಸಿದ ಎಂಜಿನ್ನನ್ನು ಮೊದಲ ಐದು ಗಂಟೆ ಓಡಿಸಿದ ಮೇಲೆ ಎಣ್ಣೆ ಬದಲಿಸಬೇಕು. ಹೊರಬಂದ ಎಣ್ಣೆಯನ್ನು ಚೆಲ್ಲದೆ ಬಿಳಿ ಬಟ್ಟೆಯಲ್ಲಿ ಸೋಸಿ, ಉಳಿದ ಪುಡಿಗೆ ಅಯಸ್ಕಾಂತ ಹಿಡಿಯಬೇಕು. ಅಂಟಿಕೊಳ್ಳುವ ನುಣ್ಣನೆಯ ಕಪ್ಪು ಪುಡಿ ಹೊಸ ರಿಂಗ್ ಸಿಲಿಂಡರಿಗೆ ಹೊಂದಿಕೊಳ್ಳುತ್ತಿರುವುದರ ಗುರುತು, ಹೆದರಬೇಕಾಗಿಲ್ಲ. ಅಂಟದ, ಬೆಳ್ಳಗೆ ಹೊಳೆಯುವ ಚೂರುಗಳು ಕಂಡರೆ ಅದು ಅಲ್ಯೂಮಿನಿಯಂ, ರಾಡಿನದೋ ಪಿಸ್ಟನ್ನಿನದೋ. ಆಗ ಮತ್ತೊಮ್ಮೆ ಸ್ಟಾರ್ಟ್ ಮಾಡದೆ, ತಳದ ಎಣ್ಣೆ ಪಾತ್ರೆ ಇಳಿಸಿ ರಾಡಿನ ಬೋಲ್ಟುಗಳಿಂದಲೇ ತಪಾಸಣೆ ಶುರುಮಾಡಬೇಕು.