ಇದ್ಯಾರ ಜಮೀನು ಮಗಾ?

ಪ್ರಿನ್ಸ್‌ಟನ್ ಸುತ್ತಮುತ್ತ ಇರುವ ನಮ್ಮೆಲ್ಲರ ಮನೆಗಳಲ್ಲೂ ಊರಿನಿಂದ ಬಂದವರಿಗಾಗಿ ಒಂದು 'ಟೂರ್ ಪ್ಯಾಕೇಜ್' ಸಿದ್ಧವಾಗಿರುತ್ತದೆ. ಒಂದು ದಿನ ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನ, ಬರುವಾಗ ಎಡಿಸನ್‌ನ ಓಕ್ ಟ್ರೀ ರೋಡಿನಲ್ಲಿ ಮಸಾಲೆ ದೋಸೆ. ಇನ್ನೊಂದು ದಿನ ಯೂನಿವರ್ಸಿಟಿ; ನಾಸೌ ಹಾಲ್ ಬಾಗಿಲಿನ ಕಂಚಿನ ಹುಲಿಗಳ ಜೊತೆ ಫೋಟೋ. ಕೊನೆಗೆ ಮರ್ಸರ್ ಸ್ಟ್ರೀಟಿನ 112ನೇ ನಂಬರಿನ ಬಿಳಿ ಮನೆ. 1935ರಿಂದ 1955ರಲ್ಲಿ ತೀರಿಕೊಳ್ಳುವವರೆಗೂ ಐನ್‌ಸ್ಟೀನ್ ಇದ್ದದ್ದು ಇಲ್ಲೇ ಎಂದು ನಾವು ನಮ್ಮದೇ ಮನೆಯೇನೋ ಎಂಬಷ್ಟು ಹೆಮ್ಮೆಯಿಂದ ಹೇಳುತ್ತೇವೆ. ಒಳಗೆ ಹೋಗುವಂತಿಲ್ಲವಾದ್ದರಿಂದ ಕಾರಿನಲ್ಲಿ ಕೂತೇ ದರ್ಶನ!

2023ರ ಅಕ್ಟೋಬರಿನಲ್ಲಿ ಅಮ್ಮನನ್ನು ಕರೆದುಕೊಂಡು ಹೋದಾಗಲೂ ಇದೇ ಆಯಿತು. ಸಾಗರ ತಾಲ್ಲೂಕಿನ ಹಳ್ಳಿಯಲ್ಲಿ ಐವತ್ತು ವರ್ಷ ಗದ್ದೆ ಕೆಲಸ ಮಾಡಿದ ಹೆಂಗಸು. ಐನ್‌ಸ್ಟೀನ್ ಮನೆಯನ್ನು ಒಂದು ನಿಮಿಷ ನೋಡಿ, "ಮನೆ ಚೆಂದ ಐತಿ. ಹಿತ್ತಲಲ್ಲಿ ಏನು ಬೆಳೀತಿದ್ರು?" ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಅದೇ ದಾರಿಯಲ್ಲಿ ಮುಂದೆ ಹೋದೆ. ಪೇಟೆ ಮುಗಿದು ರಸ್ತೆಯ ಎರಡೂ ಕಡೆ ವಿಶಾಲವಾದ ಬಯಲು ತೆರೆದುಕೊಂಡಿತು. ಅಮ್ಮ ಕಾರು ನಿಲ್ಲಿಸಲು ಹೇಳಿ ಇಳಿದು, ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿ ನೋಡಿದರು.

"ಇಷ್ಟು ಒಳ್ಳೇ ನೆಲ ಖಾಲಿ ಬಿಟ್ಟಾರಲ್ಲ. ಇದ್ಯಾರ ಜಮೀನು ಮಗಾ?"

ಅದು ಪ್ರಿನ್ಸ್‌ಟನ್ ಬ್ಯಾಟಲ್‌ಫೀಲ್ಡ್. ಜಾರ್ಜ್ ವಾಷಿಂಗ್ಟನ್ ಬ್ರಿಟಿಷರನ್ನು ಸೋಲಿಸಿದ ಜಾಗ ಎಂದು ಗೊತ್ತಿತ್ತು, ಮಗನ ಶಾಲೆಯ ಪ್ರಾಜೆಕ್ಟಿಗಾಗಿ ಎರಡು ಸಲ ಬಂದಿದ್ದೆ ಕೂಡ. ಆದರೆ ಯುದ್ಧ ನಡೆಯುವ ಹಿಂದಿನ ದಿನದವರೆಗೆ ಅದು ಯಾರದೋ ಹೊಲವಾಗಿತ್ತು ಎಂದು ಯೋಚಿಸಿಯೇ ಇರಲಿಲ್ಲ. ಅಮ್ಮನ ಪ್ರಶ್ನೆಗೆ ಉತ್ತರ ಹುಡುಕಿದ್ದು ಆಮೇಲೆ, ಲೈಬ್ರರಿಯಲ್ಲಿ ಕೂತು.

ಜಮೀನು ಕ್ಲಾರ್ಕ್ ಎಂಬ ರೈತ ಕುಟುಂಬದ್ದು. 1690ರ ದಶಕದಲ್ಲಿ ಸ್ಟೋನಿ ಬ್ರೂಕ್ ಎಂಬ ಹಳ್ಳದ ದಂಡೆಗೆ ಕೆಲವು ಕುಟುಂಬಗಳು ಬಂದು ನೆಲೆಸಿದವು. ಕ್ಲಾರ್ಕ್, ಓಲ್ಡನ್, ಸ್ಟಾಕ್ಟನ್, ವರ್ತ್, ಹಾರ್ನರ್, ಫಿಟ್ಜ್‌ರ‍್ಯಾಂಡಾಲ್ಫ್ ಇವರ ಮನೆತನದ ಹೆಸರುಗಳು. ಎಲ್ಲರೂ ಕ್ವೇಕರ್ ಪಂಥದವರು. ಪಾದ್ರಿ ಇಲ್ಲದೆ, ಮಂತ್ರವಿಲ್ಲದೆ, ಮೌನವಾಗಿ ಕೂತು ಪ್ರಾರ್ಥಿಸುವವರು. ಆಯುಧ ಹಿಡಿಯುವುದಿಲ್ಲ ಎಂದು ವ್ರತ ತೊಟ್ಟವರು. 'ಪ್ರಿನ್ಸ್‌ಟನ್' ಎಂಬ ಹೆಸರು ಆಗಿನ್ನೂ ಇರಲಿಲ್ಲ. 1696ರ ಹೊತ್ತಿಗೆ ಬೆಂಜಮಿನ್ ಕ್ಲಾರ್ಕ್ ಇಲ್ಲಿ 1200 ಎಕರೆ ಹಿಡಿದ. ರಿಚರ್ಡ್ ಸ್ಟಾಕ್ಟನ್ 1701ರಲ್ಲಿ ವಿಲಿಯಂ ಪೆನ್‌ನಿಂದ ಕೊಂಡದ್ದಂತೂ 5500 ಎಕರೆ! ಗುಂಟೆ ಲೆಕ್ಕದಲ್ಲಿ ಬೇಲಿ ಜಗಳ ನೋಡಿ ಬೆಳೆದ ನನಗೆ ಈ ಅಂಕಿಗಳನ್ನು ಓದುವಾಗ ಸ್ವಲ್ಪ ತಲೆ ತಿರುಗಿತು.

ನೆಲ ಅಗ್ಗವಾಗಿದ್ದಕ್ಕೆ ಕಾರಣವಿತ್ತು. ಅದರ ಮೊದಲ ಒಡೆಯರು ಲೆನಾಪೆ ಜನ. ಡೆಲವೇರ್ ನದಿಯಿಂದ ರ‍್ಯಾರಿಟನ್ ನದಿಯವರೆಗೆ ಅವರು ನಡೆದು ಮಾಡಿದ ಕಾಲುದಾರಿಯೇ ಮುಂದೆ ಕಿಂಗ್ಸ್ ಹೈವೇ ಆಯಿತು. ನಾವು ದಿನಾ ಟ್ರಾಫಿಕ್ಕಿನಲ್ಲಿ ಗೊಣಗುವ ರೂಟ್ 27 ಅದೇ ದಾರಿ. 1758ರಲ್ಲಿ ನ್ಯೂಜೆರ್ಸಿಯಲ್ಲಿ ಉಳಿದಿದ್ದ ಲೆನಾಪೆಗಳಿಗೆಂದು ದಕ್ಷಿಣದ ಬ್ರದರ್‌ಟನ್‌ನಲ್ಲಿ ಒಂದಿಷ್ಟು ಜಾಗ ಗುರುತು ಮಾಡಿದರು. ಅರ್ಧ ಶತಮಾನ ಕಳೆಯುವುದರೊಳಗೆ ಅದೂ ಮಾರಾಟವಾಗಿ ಅವರು ನ್ಯೂಯಾರ್ಕಿನ ಕಡೆಗೆ ಹೊರಟುಹೋದರು. ಹಾಗಾಗಿ ಅಮ್ಮನ ಪ್ರಶ್ನೆಗೆ ಕ್ಲಾರ್ಕ್ ಎನ್ನುವುದು ಪೂರ್ತಿ ಉತ್ತರವಲ್ಲ. ಇನ್ನೊಂದು ಮಾತನ್ನೂ ಬಿಡುವಂತಿಲ್ಲ: ಸ್ಟಾಕ್ಟನ್ನರ ಹೊಲ ಮನೆಗಳಲ್ಲಿ ದುಡಿದವರಲ್ಲಿ ಗುಲಾಮರೂ ಇದ್ದರು.

ಕ್ಲಾರ್ಕರ ಕಾಗದಪತ್ರಗಳಲ್ಲಿ ನನಗೆ ಬಹಳ ಹಿಡಿಸಿದ್ದು 1709ರ ಒಂದು ದಾನಪತ್ರ. ಪ್ರಾರ್ಥನಾ ಮಂದಿರಕ್ಕೂ ಸ್ಮಶಾನಕ್ಕೂ ಎಂದು ಬೆಂಜಮಿನ್ ತನ್ನ ಜಮೀನಿನಿಂದ ಒಂಬತ್ತು ಮತ್ತು ಮೂರೈದಾಂಶ ಎಕರೆ ಬಿಟ್ಟುಕೊಟ್ಟ. ನಮ್ಮ ಲೆಕ್ಕಕ್ಕೆ ತಂದರೆ ಸರಿಯಾಗಿ 9 ಎಕರೆ 24 ಗುಂಟೆ! 1200 ಎಕರೆ ಇದ್ದವನು ಗುಂಟೆ ಬಿಡದೆ ಅಳೆದು ಬರೆಸಿದ್ದಾನೆ. ಅಮ್ಮನಿಗೆ ಹೇಳಿದಾಗ, "ಮತ್ತೆ? ದೇವರಿಗೆ ಕೊಡೋದಾದ್ರೂ ಅಳತೆ ಮಾಡೇ ಕೊಡಬೇಕು. ಇಲ್ದಿದ್ರೆ ಮಕ್ಕಳ ಕಾಲಕ್ಕೆ ಕೋರ್ಟು" ಎಂದರು. 1726ರಲ್ಲಿ ಕಟ್ಟಿದ ಮಂದಿರ ಬೆಂಕಿಗೆ ತುತ್ತಾಗಿ 1760ರಲ್ಲಿ ಮತ್ತೆ ಎದ್ದಿತು. ಆ ಕಲ್ಲಿನ ಕಟ್ಟಡದಲ್ಲಿ ಇಂದಿಗೂ ಭಾನುವಾರ ಜನ ಮೌನವಾಗಿ ಕೂರುತ್ತಾರೆ.

ಮೂರನೇ ತಲೆಮಾರಿಗೆ ಬರುವಾಗ ಕ್ಲಾರ್ಕರ ನೆಲ ನಮ್ಮೂರಿನಂತೆಯೇ ಹಿಸ್ಸೆ ಹಿಸ್ಸೆಯಾಗಿತ್ತು. ಬೆಂಜಮಿನ್ನನ ಮೊಮ್ಮಗ ಥಾಮಸ್ ಕ್ಲಾರ್ಕ್ ತನ್ನ ಅಣ್ಣತಮ್ಮಂದಿರಲ್ಲೇ ಒಬ್ಬನಿಂದ 200 ಎಕರೆ ಕೊಂಡು 1772ರ ಸುಮಾರಿಗೆ ಮರದ ಮನೆ ಕಟ್ಟಿದ. ಬಯಲಿನ ಅಂಚಿನಲ್ಲಿ ಇವತ್ತಿಗೂ ನಿಂತಿರುವ ಬಿಳಿ ಮನೆ ಅದೇ. ಪಕ್ಕದ ಜಮೀನು ಮತ್ತೊಬ್ಬ ಸಹೋದರ ವಿಲಿಯಂನದು. ಅಲ್ಲಿ ಹಣ್ಣಿನ ತೋಟವಿತ್ತು.

1777ರ ಜನವರಿ 3ರ ಬೆಳಗ್ಗೆ ಆ ತೋಟಕ್ಕೆ ಯುದ್ಧ ಬಂತು. ಟ್ರೆಂಟನ್ನಿನಿಂದ ರಾತ್ರಿಯಿಡೀ ನಡೆದು ಬಂದ ವಾಷಿಂಗ್ಟನ್ನನ ಸೈನ್ಯದ ಒಂದು ತುಕಡಿ ವಿಲಿಯಂನ ತೋಟದಲ್ಲಿ ಬ್ರಿಟಿಷರಿಗೆ ಎದುರಾಯಿತು. ತುಕಡಿಯ ಜನರಲ್ ಹ್ಯೂ ಮರ್ಸರ್‌ನನ್ನು ಬ್ರಿಟಿಷರು ಬಯೊನೆಟ್ಟಿನಿಂದ ಇರಿದು ಕೆಡವಿದರು. ಕೊನೆಗೆ ವಾಷಿಂಗ್ಟನ್ನನೇ ಮುನ್ನುಗ್ಗಿ ಗೆದ್ದ ಕತೆ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ನಾನು ಹೇಳಬೇಕೆಂದಿರುವುದು ಆಮೇಲಿನದು. ಗಾಯಾಳುಗಳನ್ನು ಹೊತ್ತು ತಂದದ್ದು ಥಾಮಸ್‌ನ ಮನೆಗೆ. ಯುದ್ಧವೇ ಪಾಪ ಎಂದು ನಂಬಿದ್ದವರ ಮನೆ ಎರಡೂ ಕಡೆಯ ಸೈನಿಕರಿಗೆ ಆಸ್ಪತ್ರೆಯಾಯಿತು. ಮರ್ಸರ್ ಅಲ್ಲೇ ಒಂಬತ್ತು ದಿನ ನರಳಿ ಜನವರಿ 12ರಂದು ತೀರಿಕೊಂಡ. ಫಿಲಡೆಲ್ಫಿಯಾದ ಹೆಸರಾಂತ ವೈದ್ಯ ಬೆಂಜಮಿನ್ ರಷ್ ಬಂದು ನೋಡಿದ್ದ. ಅವನು ಇದೇ ಊರಿನ ಸ್ಟಾಕ್ಟನ್ನರ ಅಳಿಯ. ಆದರೆ ಹಗಲು ರಾತ್ರಿ ಆರೈಕೆ ಮಾಡಿದವರು ಥಾಮಸ್‌ನ ಸಹೋದರಿಯರು, ಸಾರಾ ಮತ್ತು ಹ್ಯಾನಾ.

"ಯಾರ ಮಗ ಆದ್ರೇನು, ಅಂಗಳಕ್ಕೆ ಬಂದವನಿಗೆ ನೀರು ಕೊಡದೇ ಇರಾಕಾಗ್ತದಾ?" ಎಂದರು ಅಮ್ಮ.

ನಾವು ಹೋದ ದಿನ ಮನೆಯೊಳಗೆ ಹೋಗಲಾಗಲಿಲ್ಲ. ಹೊರಗೆ ಸುತ್ತಾಡಿದೆವು. ಮರ್ಸರ್ ಬಿದ್ದಿದ್ದನೆಂದು ಜನ ಹೇಳುತ್ತಿದ್ದ ಮುದಿ ಓಕ್ ಮರ 2000ನೇ ಇಸವಿಯ ಮಾರ್ಚ್‌ನಲ್ಲಿ ಬಿದ್ದುಹೋಯಿತು. ಅದರದೇ ಬೀಜದಿಂದ ಹುಟ್ಟಿದ ಸಸಿಯನ್ನು ಅದೇ ಬುಡದಲ್ಲಿ ನೆಟ್ಟಿದ್ದಾರೆ, ಈಗ ಚೆನ್ನಾಗಿ ಬೆಳೆದಿದೆ. ರಸ್ತೆಯ ಆಚೆ ಬಿಳಿ ಕಂಬಸಾಲು, ಅದರ ಹಿಂದೆ 15 ಅಮೆರಿಕನ್, 21 ಬ್ರಿಟಿಷ್ ಸೈನಿಕರ ಒಂದೇ ಸಮಾಧಿ. ಬೀದಿಗೆ ಮರ್ಸರ್ ಹೆಸರು, ಕೌಂಟಿಗೆ ಮರ್ಸರ್ ಹೆಸರು, ಮರಕ್ಕೂ ಮರ್ಸರ್ ಹೆಸರು. ಎಂಬತ್ತು ವರ್ಷ ಉತ್ತವರ ಹೆಸರು ಒಂದು ಮನೆಗೆ ಮಾತ್ರ ಉಳಿಯಿತು, ಅದೂ ಜನರಲ್ ಅಲ್ಲಿ ಸತ್ತದ್ದರಿಂದ. ಸ್ವಲ್ಪ ಅನ್ಯಾಯವೇ, ಅಲ್ಲವೇ?

ನೆರೆಯ ರೈತರ ಕತೆಯೂ ಹೀಗೆಯೇ. ನಥಾನಿಯಲ್ ಫಿಟ್ಜ್‌ರ‍್ಯಾಂಡಾಲ್ಫ್ 1753ರಲ್ಲಿ ನಾಲ್ಕೂವರೆ ಎಕರೆ ಕೊಟ್ಟದ್ದರಿಂದಲೇ ಕಾಲೇಜು ಪ್ರಿನ್ಸ್‌ಟನ್ನಿಗೆ ಬಂತು, ನಾಸೌ ಹಾಲ್ ಎದ್ದಿತು. 1909ರಲ್ಲಿ ಹೋಲ್ಡರ್ ಹಾಲ್ ಕಟ್ಟಲು ಅಗೆದಾಗ ಗುರುತೇ ಇಲ್ಲದ 32 ಗೋರಿಗಳು ಸಿಕ್ಕವು. ಅದು ಆ ಕುಟುಂಬದ ಸ್ಮಶಾನವಾಗಿತ್ತು! ಓಲ್ಡನ್ ಮನೆತನದಲ್ಲಿ ಚಾರ್ಲ್ಸ್ ಓಲ್ಡನ್ 1860ರಿಂದ 1863ರವರೆಗೆ ರಾಜ್ಯದ ಗವರ್ನರ್ ಆದ. ಓಲ್ಡನ್ನರ ಜಮೀನಿನ ಮೇಲೆಯೇ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್‌ಡ್ ಸ್ಟಡಿ ಕಟ್ಟಿದ್ದು. ಅಂದರೆ ಐನ್‌ಸ್ಟೀನ್ ಮನೆಯಿಂದ ಆಫೀಸಿಗೆ ನಡೆದುಹೋಗುತ್ತಿದ್ದದ್ದು ಒಬ್ಬ ರೈತನ ಹೊಲಕ್ಕೆ. ಅಮ್ಮನ ಹಿತ್ತಲಿನ ಪ್ರಶ್ನೆ ಅಷ್ಟೇನೂ ದಾರಿ ತಪ್ಪಿರಲಿಲ್ಲ.

ಇಷ್ಟೆಲ್ಲ ಹುಡುಕುತ್ತಾ ಕೂತದ್ದಕ್ಕೆ ನನಗೊಂದು ಸ್ವಂತ ಕಾರಣವೂ ಇತ್ತು. ಅಮ್ಮ ಊರಿನಿಂದ ತಂದ ಸೂಟ್‌ಕೇಸಿನಲ್ಲಿ ಚಕ್ಕುಲಿ, ಅಪ್ಪೆಮಿಡಿ ಉಪ್ಪಿನಕಾಯಿಗಳ ಕೆಳಗೆ, ಪ್ಲಾಸ್ಟಿಕ್ ಕವರಿನಲ್ಲಿ ಒಂದು ಹಕ್ಕು ಖುಲಾಸೆ ಪತ್ರದ ಕರಡಿತ್ತು. ಅಪ್ಪ ತೀರಿಕೊಂಡ ಮೇಲೆ ಜಮೀನು ಅಣ್ಣನ ಹೆಸರಿಗೆ ಆಗಬೇಕು, ಬೋರ್‌ವೆಲ್ ಸಾಲಕ್ಕೂ ಅದು ಬೇಕು. ಕರ್ನಾಟಕದಲ್ಲಿ 1994ರಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಇರುವುದರಿಂದ ನಾನು ನ್ಯೂಯಾರ್ಕಿನ ಕಾನ್ಸುಲೇಟಿಗೆ ಹೋಗಿ ಸಹಿ ಮಾಡಿ ಕಳಿಸಬೇಕು. ಇಂಥ ಕಾಗದ ಈ ಸಂಚಿಕೆ ಓದುವ ಎಷ್ಟೋ ಅಕ್ಕತಂಗಿಯರ ಡ್ರಾಯರಿನಲ್ಲಿ ಇರಬಹುದು. ಅಣ್ಣ ಕೇಳಿದ್ದರಲ್ಲಿ ತಪ್ಪಿಲ್ಲ, ಉಳುತ್ತಿರುವವನು ಅವನು. ಆದರೂ ನನಗೆ ಕೈ ಬರಲಿಲ್ಲ.

ಅದು ನಮಗೆ ಸುಲಭವಾಗಿ ಬಂದ ನೆಲವಲ್ಲ. ಅಜ್ಜ ಗೇಣಿದಾರ. ಗೇಣಿ ಅಳೆಯಲು ಒಡೆಯರು ತರುತ್ತಿದ್ದ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು. ಆ ಕೊಳಗದ ವಿರುದ್ಧವೇ 1951ರಲ್ಲಿ ಕಾಗೋಡು ಸತ್ಯಾಗ್ರಹ ಎದ್ದದ್ದು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು. ಅಜ್ಜನೂ ಆಗ ಜೈಲು ನೋಡಿ ಬಂದವರು. 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಕಾಯ್ದೆ ಬಂದ ಮೇಲೆ ಫಾರಂ ನಂಬರ್ 7 ತುಂಬಿ, ಭೂ ನ್ಯಾಯಮಂಡಳಿಗೆ ಅಲೆದು, ಕಡೆಗೆ 3 ಎಕರೆ 12 ಗುಂಟೆ ನಮ್ಮದಾಯಿತು. ಬೆಂಜಮಿನ್ ಕ್ಲಾರ್ಕನ ಸ್ಮಶಾನದ ದಾನದ ಮೂರನೇ ಒಂದು ಪಾಲು.

ಸಾರಾ, ಹ್ಯಾನಾರ ಕಾಲದಲ್ಲಿ ಮದುವೆಯಾದ ಹೆಣ್ಣಿನ ಆಸ್ತಿ ಗಂಡನ ಕೈಸೇರುತ್ತಿತ್ತು. ಆದರೆ ನ್ಯೂಜೆರ್ಸಿಯ 1776ರ ಸಂವಿಧಾನದಲ್ಲಿ ಒಂದು ವಿಚಿತ್ರ: ಐವತ್ತು ಪೌಂಡ್ ಆಸ್ತಿ ಇರುವ ನಿವಾಸಿಗಳಿಗೆಲ್ಲ ಮತದಾನದ ಹಕ್ಕು ಎಂದು ಬರೆದಿದ್ದರು, ಗಂಡಸು ಎಂದು ಬರೆಯಲಿಲ್ಲ. ಹಾಗಾಗಿ ಆಸ್ತಿಯಿದ್ದ ಅವಿವಾಹಿತೆಯರು, ವಿಧವೆಯರು ಮತ ಹಾಕಿದರು! 1807ರಲ್ಲಿ ಅದನ್ನೂ ಕಿತ್ತುಕೊಂಡರು. ಇದನ್ನು ಓದಿದ ರಾತ್ರಿ ಅಮ್ಮನ ಎದುರು ಕರಡನ್ನು ಇಟ್ಟು ಏನು ಮಾಡಲಿ ಎಂದು ಕೇಳಿದೆ.

"ನಾ ತಂದು ಕೊಟ್ಟೆ ಅಷ್ಟೇ. ಹಾಕು ಅಂತಲೂ ಹೇಳಲ್ಲ, ಬ್ಯಾಡ ಅಂತಲೂ ಹೇಳಲ್ಲ" ಎಂದು ಅಮ್ಮ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, "ನಮಗೆ ಯಾರೂ ಕೇಳೇ ಇರ್ಲಿಲ್ಲ" ಎಂದರು.

ಆ ವಾರಾಂತ್ಯ ಭೂಮಿ ಹುಣ್ಣಿಮೆ. ನಮ್ಮ ಕಡೆ ಬತ್ತದ ಪೈರು ಹೊಡೆ ಬರುವ ಹೊತ್ತಿಗೆ ಬಸುರಿ ಭೂಮಿಗೆ ಬಯಕೆ ಊಟ ಬಡಿಸುವ ಹಬ್ಬ. ಚಿತ್ತಾರದ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗುತ್ತೇವೆ. ಅಮ್ಮ ಹಿಂದಿನ ರಾತ್ರಿಯೇ ಫ್ರಿಡ್ಜಿನಲ್ಲಿದ್ದ ಸೊಪ್ಪನ್ನೆಲ್ಲ ಬೇಯಿಸಿ ಅನ್ನಕ್ಕೆ ಕಲಸಿದರು, ಪಾಲಕ್, ಕೇಲ್, ಏನೂ ಬಿಡದೆ. ಬೆಳಕು ಹರಿಯುವ ಮುಂಚೆ ನನ್ನನ್ನೆಬ್ಬಿಸಿ ಕ್ಲಾರ್ಕರ ಬಯಲಿಗೆ ಕರೆದುಕೊಂಡು ಹೋಗು ಎಂದರು. ಯಾರಾದರೂ ನೋಡಿದರೆ ಏನೆಂದುಕೊಳ್ಳುತ್ತಾರೋ ಎಂದು ನನಗೆ ಅಂಜಿಕೆ. ಮರಗಳ ಅಂಚಿನಲ್ಲಿ ಅಮ್ಮ ಒಂದು ಹಿಡಿ ಚರಗ ಚೆಲ್ಲಿ ಕೈಮುಗಿದರು. ಗೊಬ್ಬರವಾಗುವ ಸೊಪ್ಪು ತಾನೇ, ಪಾರ್ಕಿನವರು ಕ್ಷಮಿಸಲಿ.

ಬರುವಾಗ ಕ್ವೇಕರ್ ಸ್ಮಶಾನದ ಕಲ್ಲುಗೋಡೆಯ ಬಳಿ ನಿಂತೆವು. ಒಳಗೆ ಬಹುಪಾಲು ಬರೀ ಹುಲ್ಲು. ಹಿಂದಿನ ಕ್ವೇಕರರು ಗೋರಿಗೆ ಕಲ್ಲು ನೆಡುತ್ತಿರಲಿಲ್ಲ. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ರಿಚರ್ಡ್ ಸ್ಟಾಕ್ಟನ್ ಕೂಡ ಇಲ್ಲೇ ಎಲ್ಲೋ ಗುರುತಿಲ್ಲದೆ ಮಲಗಿದ್ದಾನೆ.

ಸಹಿ ಮಾಡಿದೆ. ಆದರೆ ಕರಡು ತಿದ್ದಿಸಿದೆ. ಬಾವಿಯ ಪಕ್ಕದ ನಾಲ್ಕು ಗುಂಟೆ ಬಿಟ್ಟು ಉಳಿದದ್ದು ಅಣ್ಣನಿಗೆ. ಆ ನಾಲ್ಕು ಗುಂಟೆ ಅಮ್ಮನ ಹೆಸರಿಗೆ. ಅಣ್ಣ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು, ಒಕ್ಕಣೆ ಏನೂ ಇಲ್ಲ. ಅಟ್ಟದ ಟ್ರಂಕಿನಿಂದ ತೆಗೆದ ಫಾರಂ ನಂಬರ್ 7ರ ನಕಲು. ಮೂಲೆಗಳನ್ನು ಗೆದ್ದಲು ತಿಂದಿದೆ. ಕೆಳಗೆ ಸಹಿ ಮಾಡುವ ಜಾಗದಲ್ಲಿ ಅಜ್ಜನ ಎಡಗೈ ಹೆಬ್ಬೆಟ್ಟಿನ ಗುರುತು, ಶಾಯಿ ಸ್ವಲ್ಪ ಹೆಚ್ಚಾಗಿ ಹರಡಿದೆ. ಅಮ್ಮ ಫೋನನ್ನು ಹತ್ತಿರ ಹಿಡಿದು, ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ಬಹಳ ಹೊತ್ತು ನೋಡಿದರು.